ಬಾಯಿಮಾತನ್ನೂ ಆಧಾರದಲ್ಲಿ ಬರೆಸಿ

ನಮ್ಮ ಕಡೆ ಮನೆ ಮಾರಾಟದ ಮಾತು ಹುಟ್ಟುವುದು ಮದುವೆ ಊಟದ ಪಂಕ್ತಿಯಲ್ಲೋ ಭೂತಕೋಲದ ರಾತ್ರಿಯಲ್ಲೋ. "ಅವರು ಮನೆ ಕೊಡ್ತಾರಂತೆ" ಎಂದು ಯಾರೋ ಹೇಳುತ್ತಾರೆ. ಸ್ವಲ್ಪ ದಿನದಲ್ಲೇ ಬೆಲೆ ಕುದುರುತ್ತದೆ. ಕೊಡುವವರೂ ಕೊಳ್ಳುವವರೂ ಪರಿಚಯದವರು, ಎಷ್ಟೋ ಸಲ ನೆಂಟರು. ಹಾಗಾಗಿ ಅರ್ಧ ವಿಷಯ ಬಾಯಲ್ಲೇ ಮುಗಿಯುತ್ತದೆ. ದಾರಿ ನಮ್ಮ ತೋಟದ ಬದಿಯಲ್ಲೇ ಇರಲಿ ಬಿಡಿ. ನೀರು ಸುರಂಗದಿಂದ ತೆಗೆದುಕೊಳ್ಳಿ. ನಾಗನಿಗೆ ತಂಬಿಲ ಕೊಡಲು ನಾವು ವರ್ಷಕ್ಕೊಮ್ಮೆ ಬರುತ್ತೇವೆ, ಅಷ್ಟೆ. ಹೇಳಿದವರು ಇರುವವರೆಗೆ ಇದೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಅವರ ಮಕ್ಕಳ ಕಾಲಕ್ಕೆ ಅದೇ ವಿಷಯಕ್ಕೆ ಕೋರ್ಟಿನಲ್ಲಿ ದಾವೆ ಬೀಳುತ್ತದೆ. ಅಂಥ ದಾವೆಗಳ ಕಡತ ನಾನು ದಿನಾ ನೋಡುತ್ತೇನೆ.

ನಾನು ಬದಿಯಡ್ಕದವಳು. ಕಾಸರಗೋಡಿನ ಒಬ್ಬ ವಕೀಲರ ಕಚೇರಿಯಲ್ಲಿ ಬಹಳ ವರ್ಷಗಳಿಂದ ಗುಮಾಸ್ತೆ. ಹಳೇ ಕನ್ನಡ ಕಾಗದ ಓದಿ ಸಾರಾಂಶ ಬರೆಯುವುದು ನನ್ನ ಪಾಲಿನ ಕೆಲಸ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳಕ್ಕೆ ಸೇರಿತು. ಆ ಕಾಲದ ಕ್ರಯಪತ್ರ, ಪಾಲುಪಟ್ಟಿ, ಮೂಲಗೇಣಿ (ಶಾಶ್ವತ ಗೇಣಿ) ಚೀಟು ಬಹುಪಾಲು ಕನ್ನಡದಲ್ಲಿವೆ. ಆಮೇಲಿನ ಆಧಾರಗಳು, ಅಂದರೆ ನೋಂದಣಿಯಾದ ಆಸ್ತಿ ಪತ್ರಗಳು, ಹೆಚ್ಚಾಗಿ ಮಲಯಾಳದಲ್ಲಿ. ಒಂದೇ ಮನೆಯ ಕಾಗದದ ಕಟ್ಟು ಬಿಚ್ಚಿದರೆ ಅಜ್ಜನ ಪತ್ರ ಕನ್ನಡ, ಅಪ್ಪನದ್ದು ಮಲಯಾಳ, ಬ್ಯಾಂಕಿನದ್ದು ಇಂಗ್ಲಿಷ್. ಮೂರನ್ನೂ ಓದಬಲ್ಲವರು ಮನೆಯಲ್ಲಿ ಇರುವುದು ಅಪರೂಪ.

ಭಾನುವಾರ ಊರಿನವರು ಮನೆಗೆ ಬರುತ್ತಾರೆ. "ಅಕ್ಕಾ, ಇದೊಂದು ನೋಡಿ ಹೇಳಿ" ಎನ್ನುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಾಗದವನ್ನು ನಿಮ್ಮ ವಕೀಲರು ನೋಡಲೇಬೇಕು. ಅವರ ಹತ್ತಿರ ಹೋಗುವಾಗ ಏನು ಕೇಳಬೇಕು ಎಂದು ಗೊತ್ತಿದ್ದರೆ ಒಳ್ಳೆಯದು, ಅದಕ್ಕೆ ಇದು.

ದಾರಿಯಿಂದಲೇ ಶುರು ಮಾಡುತ್ತೇನೆ. ನಮ್ಮದು ಗುಡ್ಡ ತಗ್ಗಿನ ಊರು. ರಸ್ತೆಗೆ ತಾಗಿ ಇರುವ ಮನೆಗಳು ಕಡಿಮೆ. ನಮ್ಮ ಚಿಕ್ಕಮ್ಮ ನೀರ್ಚಾಲಿನ ಹತ್ತಿರ 12 ಸೆಂಟು ಜಾಗ, ಅದರಲ್ಲಿ ಒಂದು ಹಂಚಿನ ಮನೆ ನೋಡಿದರು. ಜೀಪು ಅಂಗಳದವರೆಗೆ ಬರುತ್ತಿತ್ತು. ಆಧಾರದ ಕರಡು ಓದಿದರೆ ಅದರಲ್ಲಿ ದಾರಿಯ ಸುದ್ದಿಯೇ ಇಲ್ಲ. ಮಾರುವವರನ್ನು ಕೇಳಿದೆ. "ಅದು ಅಣ್ಣನ ತೋಟದ ಬದಿ. ಮೂವತ್ತು ವರ್ಷದಿಂದ ಹೋಗಿ ಬರ್ತಾ ಇದ್ದೇವೆ. ಅವ ಒಂದು ದಿನವೂ ಬೇಡ ಹೇಳಿದ್ದಿಲ್ಲ" ಎಂದರು.

ತೊಂದರೆ ಇರುವುದು ಅಲ್ಲೇ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇನ್ನೊಬ್ಬರ ಜಾಗದಲ್ಲಿ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ತನ್ನ ಹಕ್ಕು ಎಂಬಂತೆ ನಡೆದರೆ ದಾರಿ ಹಕ್ಕಾಗುತ್ತದೆ. ಆದರೆ ಒಪ್ಪಿಗೆಯ ಮೇಲೆ ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ಅಣ್ಣ ಪ್ರೀತಿಯಿಂದ ಬಿಟ್ಟ ದಾರಿ ಅಣ್ಣನ ಪ್ರೀತಿ ಇರುವಷ್ಟು ದಿನ. ಬೇರೆ ದಾರಿಯೇ ಇಲ್ಲದ ತುಂಡು ಜಾಗವನ್ನು ಮಾರಿದರೆ ಅಗತ್ಯದ ದಾರಿ ಎಂದು ಕಾನೂನು ಒಂದನ್ನು ಕೊಡುತ್ತದೆ, ನಿಜ. ಅದು ಅಗತ್ಯ ಇರುವಷ್ಟಕ್ಕೆ ಮಾತ್ರ. ನಾಳೆ ಕೆಳಗಿನಿಂದ ಇನ್ನೊಂದು ದಾರಿ ಆಯಿತು ಎಂದಾದರೆ ಈ ಹಕ್ಕು ಮುಗಿಯುತ್ತದೆ.

ಚಿಕ್ಕಮ್ಮನ ವಿಷಯದಲ್ಲಿ ಆ ಅಣ್ಣನನ್ನೇ ಹೋಗಿ ಕಂಡೆವು. ಬೇಸರ ಮಾಡಿಕೊಳ್ಳಲಿಲ್ಲ. ದಾರಿ ಹಕ್ಕಿನ ಪತ್ರವನ್ನು ಅವರೇ ಬಂದು ನೋಂದಣಿ ಮಾಡಿಕೊಟ್ಟರು. ಅದರಲ್ಲಿ ಬರೆಸಿದ್ದು ಇಷ್ಟು: ದಾರಿ 3 ಮೀಟರ್ ಅಗಲ, ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆ, ವಾಹನ ತರುವ ಹಕ್ಕು, ನೀರಿನ ಪೈಪು ಮತ್ತು ಕರೆಂಟಿನ ಲೈನು ಎಳೆಯುವ ಹಕ್ಕು, ಈ ಹಕ್ಕು ಮುಂದೆ ಮನೆ ಯಾರ ಕೈಗೆ ಹೋಗುತ್ತದೋ ಅವರಿಗೂ ಸೇರಿದ್ದು. "ನಡೆದುಕೊಂಡು ಹೋಗಲು" ಎಂದು ಮಾತ್ರ ಬರೆದ ಆಧಾರಗಳು ಬಹಳ ಇವೆ. ಅದನ್ನು ನಂಬಿ ಲಾರಿಯಲ್ಲಿ ಕಲ್ಲು ತರಿಸಿದಾಗಲೇ ಜಗಳ ಶುರು. ಮುಂದೆ ಮನೆ ಒಡೆದು ಕಟ್ಟುವಾಗ ಪರ್ಮಿಟಿಗೂ ದಾರಿಯ ಅಗಲದ ಪ್ರಶ್ನೆ ಬರುತ್ತದೆ.

ಇನ್ನು ಸುರಂಗ. ಹೊರಗಿನವರಿಗೆ ಇದು ಹೊಸತು. ನಮ್ಮಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ತರುತ್ತಾರೆ. ಸುರಂಗದ ಬಾಯಿ ನಮ್ಮ ಹಿತ್ತಿಲಲ್ಲಿ ಇರಬಹುದು, ಒಳಗೆ ಹೋದ ಹಾಗೆ ಮೇಲಿನ ಗುಡ್ಡ ಇನ್ನೊಬ್ಬರದ್ದು. ಅಜ್ಜಂದಿರ ಕಾಲದಲ್ಲಿ ಎಲ್ಲ ಒಂದೇ ಮನೆ, ಒಂದೇ ವರ್ಗ (ಕಂದಾಯ ಕಟ್ಟುವ ಹಿಡುವಳಿ). ಪಾಲಾಗಿ, ಮಾರಾಟವಾಗಿ ಈಗ ನಾಲ್ಕು ಕೈ ಸೇರಿದೆ. ಮೇಲಿನವರು ಅಲ್ಲಿ ಬೋರ್‌ವೆಲ್ ತೆಗೆದರೆ, ಮಣ್ಣು ಕಡಿದು ತೆಗೆದರೆ, ಕೆಳಗಿನ ನೀರು ಹೋಯಿತು. ಅಂಥ ಮನೆ ಕೊಳ್ಳುವಾಗ ಮೂರು ಸಂಗತಿ ಬರೆಸಿಕೊಳ್ಳಿ. ಆ ನೀರು ಯಾರ್ಯಾರಿಗೆ, ಯಾವ ಹೊತ್ತು, ಎಷ್ಟು ಪಾಲು. ಹೂಳು ತೆಗೆಯಲು ಒಳಗೆ ಹೋಗುವ ಹಕ್ಕು ಯಾರಿಗೆ. ಟಾಂಕಿ ಮತ್ತು ಪೈಪು ಯಾರ ಜಾಗದಲ್ಲಿದೆ, ಅದನ್ನು ಕೀಳಬಾರದು ಎಂಬ ಮಾತು. ಮೇಲಿನ ಜಾಗದವರೂ ಸಹಿ ಹಾಕಿದರೆ ಮಾತ್ರ ಇದಕ್ಕೆ ಬಲ. ಮಾರುವವರು ತಮ್ಮದಲ್ಲದ ಹಕ್ಕನ್ನು ಬರೆದುಕೊಟ್ಟು ಏನು ಪ್ರಯೋಜನ? ಬಾವಿಯಲ್ಲಿ ಪಾಲು ಇದ್ದರೂ ಇದೇ ಮಾತು.

ನಾಗಬನ ಇರುವ ಜಾಗ ಮಾರಬಹುದಾ? ಈ ಪ್ರಶ್ನೆ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಇದರಲ್ಲಿ ಕಾನೂನಿಗಿಂತ ದೊಡ್ಡ ನೋವು ಇರುತ್ತದೆ. ಮನೆ ಮಾರಿ ಮಂಗಳೂರಿಗೋ ಬೆಂಗಳೂರಿಗೋ ಹೋದವರು ನಾಗರಪಂಚಮಿಗೆ ಬಂದು ಗೇಟಿನ ಹೊರಗೆ ನಿಂತಿರುವುದನ್ನು ಕಂಡಿದ್ದೇನೆ. ಕೊಂಡವರು ಕೆಟ್ಟವರಲ್ಲ. ಅವರ ಆಧಾರದಲ್ಲಿ ಬನದ ಮಾತೇ ಇಲ್ಲ, ಅವರಿಂದ ಮುಂದಕ್ಕೆ ಕೊಂಡವರಿಗೆ ವಿಷಯವೇ ತಿಳಿಯದು. ಸರಿಯಾದ ಕ್ರಮ ಸುಲಭವಾಗಿಯೇ ಇದೆ. ಬನದ ಸುತ್ತಿನ ಜಾಗವನ್ನು, ಅರ್ಧ ಸೆಂಟಾದರೂ ಸರಿ, ಸರ್ವೆಯರನ್ನು ಕರೆಸಿ ಅಳೆದು ಮಾರಾಟದಿಂದ ಹೊರಗಿಡಿ. ಅಲ್ಲಿಗೆ ಹೋಗುವ ಕಾಲುದಾರಿಯ ಹಕ್ಕನ್ನು ನಿಮಗೆ ಉಳಿಸಿಕೊಂಡು ಅದೇ ಆಧಾರದಲ್ಲಿ ಬರೆಯಿರಿ. ನಕ್ಷೆ ಲಗತ್ತಿಸಿ. ಉಳಿಸಿಕೊಂಡ ತುಂಡಿಗೆ ಭೂತೆರಿಗೆ ಕಟ್ಟುತ್ತಾ ಇರಿ. ದೈವದ ಗುಡಿ, ಚಾವಡಿ ಇದ್ದರೆ ಮೊದಲು ಅದು ಯಾರ ಹೆಸರಲ್ಲಿದೆ ನೋಡಬೇಕು. ಕುಟುಂಬದ ಟ್ರಸ್ಟಿನ ಹೆಸರಲ್ಲಿದ್ದರೆ ಒಬ್ಬರು ಸಹಿ ಹಾಕಿ ಮಾರುವ ಹಾಗಿಲ್ಲ.

ಮಂಗಳೂರಿನಿಂದ ಬರುವವರು ಕೇಳುವ ಮೊದಲ ಪ್ರಶ್ನೆ ಬೇರೆ. "ಆರ್‌ಟಿಸಿ ಎಲ್ಲಿ?" ಆರ್‌ಟಿಸಿ ಎಂದರೆ ಕರ್ನಾಟಕದ ಪಹಣಿ. ತಲಪಾಡಿಯ ಗಡಿ ದಾಟಿದ ಮೇಲೆ ಅದು ಇಲ್ಲ. ಇಲ್ಲಿ ಜಾಗದ ಲೆಕ್ಕ ಗ್ರಾಮ ಕಚೇರಿಯಲ್ಲಿ ಇರುತ್ತದೆ. ಅವರು ಮೂಲ ತೆರಿಗೆ ರಿಜಿಸ್ಟರು ಇಡುತ್ತಾರೆ. ಪ್ರತಿ ಹಿಡುವಳಿದಾರರಿಗೆ ಒಂದು ತಂಡಪೇರ್ ನಂಬ್ರ ಇರುತ್ತದೆ. ಈ ವರ್ಷದ ಭೂತೆರಿಗೆ ರಸೀದಿ, ಕೈವಶ ಸರ್ಟಿಫಿಕೆಟ್, ಲೊಕೇಶನ್ ಸ್ಕೆಚ್, ಇಷ್ಟನ್ನು ಗ್ರಾಮ ಕಚೇರಿಯಿಂದ ತರಿಸಿ. ಮನೆಗೆ ಪಂಚಾಯತಿನ ಓನರ್‌ಶಿಪ್ ಸರ್ಟಿಫಿಕೆಟ್, ಮನೆ ತೆರಿಗೆ ರಸೀದಿ ಬೇಕು. ಒಂದು ವಿಷಯ ನೆನಪಿರಲಿ. ತೆರಿಗೆ ರಸೀದಿ ಇದ್ದ ಮಾತ್ರಕ್ಕೆ ಯಜಮಾನಿಕೆ ಬರುವುದಿಲ್ಲ. ಕಂದಾಯ ದಾಖಲೆಯಲ್ಲಿ ಹೆಸರಿರುವುದು ತೆರಿಗೆ ವಸೂಲಿಗೆ, ಅದು ಹಕ್ಕು ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಹಕ್ಕು ಬರುವುದು ಆಧಾರದಿಂದ, ಅದರ ಹಿಂದಿನ ಆಧಾರದಿಂದ, ಅದರ ಹಿಂದಿನದ್ದರಿಂದ. ಇಲ್ಲಿ ಅದನ್ನು ಮುನ್ನಾಧಾರ ಎನ್ನುತ್ತಾರೆ. ಕಾಸರಗೋಡಿನಲ್ಲಿ ಈ ಸರಪಣಿ ಹೆಚ್ಚಾಗಿ ಹೋಗಿ ನಿಲ್ಲುವುದು ಲ್ಯಾಂಡ್ ಟ್ರಿಬ್ಯೂನಲಿನ ಪಟ್ಟಯದಲ್ಲಿ. ಕೇರಳದ ಭೂಸುಧಾರಣೆ ಕಾಯ್ದೆಯಿಂದ 1970ರ ಜನವರಿ 1ಕ್ಕೆ ಗೇಣಿ ಜಾಗಗಳ ಮೇಲಿನ ಧಣಿಗಳ ಹಕ್ಕು ಸರಕಾರಕ್ಕೆ ಬಂತು. ಗೇಣಿದಾರರು ಟ್ರಿಬ್ಯೂನಲಿಗೆ ಅರ್ಜಿ ಹಾಕಿ ಕ್ರಯ ಸರ್ಟಿಫಿಕೆಟ್ ಪಡೆದರು. ಅದೇ ಪಟ್ಟಯ. ಅಜ್ಜನ ಗೇಣಿ ಚೀಟು ಮಾತ್ರ ಇದ್ದು ಪಟ್ಟಯ ಇಲ್ಲದಿದ್ದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ, ವಕೀಲರನ್ನು ಕಾಣಿ. ಸರಕಾರ ಹಂಚಿಕೊಟ್ಟ ಜಾಗದ ಪಟ್ಟವಾದರೆ ಅದರಲ್ಲಿರುವ ಷರತ್ತು ಪೂರ್ತಿ ಓದಿ. ಕೆಲವು ಪಟ್ಟಗಳಲ್ಲಿ ಇಷ್ಟು ವರ್ಷ ಮಾರಬಾರದು ಎಂದು ಇರುತ್ತದೆ.

"ವರ್ಗ 40 ಸೆಂಟು, ಕುಮ್ಕಿ ಸೇರಿ ಎಕ್ರೆ ಹತ್ತಿರ ಇದೆ" ಎಂದು ಹೇಳಿ ಮಾರುವವರಿದ್ದಾರೆ. ಕುಮ್ಕಿ ಎಂದರೆ ವರ್ಗಕ್ಕೆ ತಾಗಿದ ಸರಕಾರದ ಜಾಗ. ಸೊಪ್ಪು, ಸೌದೆ, ದನ ಮೇಯಿಸುವ ಸವಲತ್ತು ವರ್ಗದವರಿಗೆ ಇತ್ತು, ಯಜಮಾನಿಕೆ ಇರಲಿಲ್ಲ. ಕುಮ್ಕಿಯಲ್ಲಿರುವ ಅಡಿಕೆ ಮರ ಎಣಿಸಿ ದುಡ್ಡು ಕೊಡಬೇಡಿ. ಮನೆಯ ಹಿಂದಿನ ಶೌಚಾಲಯ, ಕೊಟ್ಟಿಗೆ ಕುಮ್ಕಿಯೊಳಗೆ ಹೋಗಿದೆಯಾ ಎಂದೂ ಅಳೆಯಿಸಿ ನೋಡಿ.

ಇನ್ನೊಂದು ಪ್ರಶ್ನೆ ಎಲ್ಲ ಮನೆಗಳಲ್ಲೂ ಇದೆ. "ಮದುವೆಯಾಗಿ ಹೋದ ಅಕ್ಕನ ಸಹಿ ಬೇಕಾ?" ಬೇಕು. "ಮದುವೆಗೆ ಚಿನ್ನ ಹಾಕಿ ಕಳಿಸಿದ್ದೇವಲ್ಲ, ಅವಳಿಗೆ ಏನೂ ಬೇಡ ಹೇಳಿದ್ದಾಳೆ." ಹೇಳಿದ್ದು ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು, ಇಲ್ಲವೇ ಮಾರಾಟದ ಆಧಾರಕ್ಕೆ ಅವಳೂ ಸಹಿ ಹಾಕಬೇಕು. ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಮತ್ತು ತಾಯಿಗೆ ಸಮಪಾಲು. 1956ರ ಹಿಂದೂ ವಾರಸಾ ಕಾಯ್ದೆ ಇದು.

ತಾಯಿಯನ್ನು ಎಲ್ಲರೂ ಮರೆಯುತ್ತಾರೆ. ಲೆಕ್ಕ ನೋಡಿ. ಅಪ್ಪ ತೀರಿಕೊಂಡಾಗ ಅಮ್ಮ, ಇಬ್ಬರು ಮಕ್ಕಳು, ಅಪ್ಪನ ತಾಯಿ ಅಂದರೆ ಅಜ್ಜಿ ಇದ್ದರು. ಒಬ್ಬೊಬ್ಬರಿಗೆ ನಾಲ್ಕನೇ ಒಂದು ಪಾಲು. ಆಮೇಲೆ ಅಜ್ಜಿಯೂ ಉಯಿಲು ಬರೆಯದೆ ಹೋದರು. ಅವರ ಪಾಲು ಅವರ ಮಕ್ಕಳಿಗೆ ಹೋಗುತ್ತದೆ. ಅಜ್ಜಿಗೆ ಇನ್ನೊಬ್ಬ ಮಗ, ಒಬ್ಬಳು ಮಗಳು ಇದ್ದರೆ, ಅಂದರೆ ನಿಮ್ಮ ಚಿಕ್ಕಪ್ಪನಿಗೂ ಸೋದರತ್ತೆಗೂ ನಿಮ್ಮ ಮನೆಯಲ್ಲಿ ತಲಾ ಹನ್ನೆರಡನೇ ಒಂದು ಪಾಲು ಬಂತು. ತೀರಿಹೋದ ಅಪ್ಪನ ಲೆಕ್ಕದ ಹನ್ನೆರಡನೇ ಒಂದು ಪಾಲು ಅವರ ಮಕ್ಕಳಾದ ನಿಮಗೆ. ಆ ಅತ್ತೆ ಪುತ್ತೂರಿನಲ್ಲೋ ಮುಂಬಯಿಯಲ್ಲೋ ಇರಬಹುದು. ಅವರಿಗೇ ಈ ವಿಷಯ ಗೊತ್ತಿಲ್ಲದಿರಬಹುದು. ಆದರೂ ಅವರ ಸಹಿ ಇಲ್ಲದ ಮಾರಾಟದಲ್ಲಿ ಅವರ ಪಾಲು ಕೊಂಡವರ ಕೈಗೆ ಬರುವುದಿಲ್ಲ. ಕೊಳ್ಳುವವರು ಯಾವಾಗಲೂ ಕೇಳಬೇಕಾದ ಪ್ರಶ್ನೆ ಇದು: ಯಜಮಾನರು ತೀರಿಕೊಂಡ ದಿನ ಅವರ ತಾಯಿ ಇದ್ದರಾ?

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಇಲ್ಲಿ ಸ್ವಲ್ಪ ಬೇರೆ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ 1976ರ ಡಿಸೆಂಬರ್ 1ರಿಂದ ತೆಗೆದುಹಾಕಿದರು. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ) ಕುಟುಂಬಗಳಿಗೂ ಅದು ಅನ್ವಯ. ಆ ದಿನ ಯಾರ್ಯಾರು ಕುಟುಂಬದಲ್ಲಿದ್ದರು ಎಂಬ ಪಟ್ಟಿ ಹಳೇ ಮನೆಗಳ ಮಾರಾಟದಲ್ಲಿ ಈಗಲೂ ಬೇಕಾಗುತ್ತದೆ. 1956ರ ಕಾಯ್ದೆಗೆ ಕೇಂದ್ರ 2005ರಲ್ಲಿ ತಂದ ತಿದ್ದುಪಡಿಯ ಸಮಪಾಲು ಕೇರಳದ ಹೆಣ್ಣುಮಕ್ಕಳಿಗೂ ಉಂಟು, 2004ರ ಡಿಸೆಂಬರ್ 20ರ ನಂತರ ತಂದೆ ತೀರಿಕೊಂಡಿದ್ದರೆ ಮಗಳು ಕೇಳಬಹುದು ಎಂದು 2025ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ನನಗೆ ಅದು ಸಂತೋಷದ ತೀರ್ಪು. ಮುಸ್ಲಿಂ ಕುಟುಂಬವಾದರೆ ಶರೀಯತ್ ಪ್ರಕಾರ ಪಾಲು. ಅಲ್ಲಿಯೂ ತೀರಿಹೋದವರ ತಂದೆ ತಾಯಿಗೆ, ಹೆಂಡತಿಗೆ, ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ.

ಪಾಲುದಾರರಲ್ಲಿ ಸಣ್ಣ ಮಕ್ಕಳಿದ್ದರೆ ಅವರ ಹೆಸರಲ್ಲಿ ಬಂದಿರುವ ಪಾಲನ್ನು ತಾಯಿ ಸಹಿ ಹಾಕಿ ಮಾರುವ ಹಾಗಿಲ್ಲ. ಕೋರ್ಟಿನ ಅನುಮತಿ ಬೇಕು. ಅನುಮತಿ ಇಲ್ಲದೆ ಕೊಂಡರೆ ಮಗುವಿಗೆ 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ರದ್ದು ಮಾಡಿಸಲು ದಾವೆ ಹಾಕಬಹುದು.

ಗದ್ದೆ ವಿಷಯ. ಹಳೇ ಕನ್ನಡ ಆಧಾರದಲ್ಲಿ ನಂಜ, ಪುಂಜ, ಬಾಗಾಯ್ತು ಎಂದು ಇರುತ್ತದೆ. ನಂಜ ಎಂದರೆ ಗದ್ದೆ. ಗ್ರಾಮ ಕಚೇರಿಯ ರಿಜಿಸ್ಟರಿನಲ್ಲಿ ಅದೇ ನಿಲಂ. ಈಗ ಅಲ್ಲಿ ತೆಂಗು ಇರಬಹುದು, ಮನೆಯೇ ಇರಬಹುದು. ದಾಖಲೆಯಲ್ಲಿ ನಿಲಂ ಎಂದಿದ್ದರೆ ಕೇರಳದ ಭತ್ತದ ಗದ್ದೆ ಮತ್ತು ಜೌಗು ಭೂಮಿ ರಕ್ಷಣೆ ಕಾಯ್ದೆ ಬರುತ್ತದೆ. 2008ರ ಆಗಸ್ಟಿನಲ್ಲಿ ಜಾರಿಯಾದದ್ದು. ಆ ಜಾಗದ ಸರ್ವೆ ನಂಬ್ರ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ ಮತ್ತು ಜೌಗು ಭೂಮಿಯ ಸರಕಾರಿ ಪಟ್ಟಿಯಲ್ಲಿ, ಇದೆಯಾ ಎಂದು ಮೊದಲು ನೋಡಿ. ಕೃಷಿಭವನದಲ್ಲಿ ಕೇಳಿದರೆ ತಿಳಿಯುತ್ತದೆ. ಇದ್ದರೆ ಅದನ್ನು ತೆಗೆಸಲು ಫಾರಂ 5, ಡೇಟಾ ಬ್ಯಾಂಕಿನಲ್ಲಿ ಇಲ್ಲದೆ ಬರೀ ನಿಲಂ ಎಂದಿದ್ದರೆ ಸ್ವಭಾವ ಬದಲಾವಣೆಗೆ ಫಾರಂ 6, ಎರಡೂ ಕಂದಾಯ ಇಲಾಖೆಯ ಆರ್‌ಡಿಒಗೆ ಅಥವಾ ಇದಕ್ಕೆ ನೇಮಿಸಿದ ಡೆಪ್ಯುಟಿ ಕಲೆಕ್ಟರಿಗೆ. ಮನೆ ಇಲ್ಲದವರಿಗೆ ಪಂಚಾಯತಿನಲ್ಲಿ 10 ಸೆಂಟಿನವರೆಗೆ ಮನೆ ಕಟ್ಟಲು ಬಿಡುತ್ತಾರಲ್ಲ ಎಂದು ಹೇಳಿ ಗದ್ದೆ ಮಾರುವವರ ಮಾತು ಕೇಳಬೇಡಿ. ಆ ರಿಯಾಯಿತಿ ಕಾಯ್ದೆ ಬರುವ ಮೊದಲೇ ಗದ್ದೆಯ ಯಜಮಾನರಾಗಿದ್ದವರಿಗೆ. ಆಮೇಲೆ ಕೊಂಡವರಿಗೆ ಸಿಗುವುದಿಲ್ಲ ಎಂದು ಹೈಕೋರ್ಟ್ ಹೇಳಿಯಾಗಿದೆ. ನಿಲಂ ಬದಲಾಯಿಸುವ ಕೆಲಸವನ್ನು ಮಾರುವವರೇ ಮುಗಿಸಿ ಕೊಡಲಿ, ಆಮೇಲೆ ನೋಂದಣಿ.

ಸಾಲ ಇದೆಯಾ ಎಂದು ನೋಡಲು ಎಲ್ಲರೂ ಬಾಧ್ಯತಾ ಸರ್ಟಿಫಿಕೆಟ್, ಅಂದರೆ ಇಸಿ, ತೆಗೆಸುತ್ತಾರೆ. 30 ವರ್ಷದ್ದು ತೆಗೆಸಿ. ಸಹಕಾರಿ ಬ್ಯಾಂಕಿನ ಸಾಲ ಅದರಲ್ಲಿ ಗಹಾನ್ ಎಂದು ಕಾಣುತ್ತದೆ. ಸಾಲ ತೀರಿಸಿದರೂ ಗಹಾನ್ ಬಿಡುಗಡೆ ಮಾಡಿಸದೆ ಬಿಟ್ಟ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಅದನ್ನು ಬಿಡಿಸಿ ಕೊಡಬೇಕಾದವರು ಮಾರುವವರು. ಬೇರೆ ಬ್ಯಾಂಕುಗಳು ಆಧಾರವನ್ನೇ ಇಟ್ಟುಕೊಂಡು ಸಾಲ ಕೊಡುತ್ತವೆ. ಅದು ಎಷ್ಟೋ ಸಲ ಇಸಿಯಲ್ಲಿ ಬರುವುದೇ ಇಲ್ಲ. ಆದ್ದರಿಂದ ಅಸಲು ಆಧಾರವನ್ನು ಕಣ್ಣಿಂದ ನೋಡಿ, ಕೈಯಲ್ಲಿ ಹಿಡಿದು ನೋಡಿ. "ಎಲ್ಲೋ ಕಳೆದಿದೆ, ಸರ್ಟಿಫೈಡ್ ಕಾಪಿ ಇದೆ" ಎಂದರೆ ಎಚ್ಚರ ಬೇಕು. ಅಡವು ಇದೆಯಾ ಎಂದು ಸೆರ್ಸೈ (CERSAI) ಎಂಬ ಕೇಂದ್ರದ ಅಡವು ದಾಖಲೆಯ ವೆಬ್‌ಸೈಟಿನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರೂ ಹುಡುಕಬಹುದು. ಮಾರುವವರಿಗೆ ಒಂದು ಮಾತು. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಬ್ಯಾಂಕು ಅಸಲು ಕಾಗದ ವಾಪಸು ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ 2023ರ ಡಿಸೆಂಬರಿನಿಂದ ಇದೆ. ಕೇಳಿ ತೆಗೆದುಕೊಳ್ಳಿ.

ದುಡ್ಡಿನ ಮಾತಿಗೆ ಬರುತ್ತೇನೆ. ಅಡ್ವಾನ್ಸ್ ಕೊಡುವ ಮೊದಲು ಕರಾರು ಪತ್ರ ಬೇಕು. ಬೆಲೆ, ಅಡ್ವಾನ್ಸ್, ಕೊನೆಯ ದಿನ, ಯಾರು ಯಾವ ಕಾಗದ ಸರಿಮಾಡಿಸಬೇಕು, ಮಾತು ತಪ್ಪಿದರೆ ಅಡ್ವಾನ್ಸ್ ಏನಾಗುತ್ತದೆ, ಎಲ್ಲ ಬರೆಯಿರಿ. ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ. 100 ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಆಧಾರದಿಂದ ಮಾತ್ರ. ಕರಾರಿನಂತೆ ಬರೆದುಕೊಡದಿದ್ದರೆ ದಾವೆಗೆ ಮೂರು ವರ್ಷದ ಅವಧಿ ಇದೆ, ಕರಾರಿನಲ್ಲಿ ಬರೆದ ಕೊನೆಯ ದಿನದಿಂದ ಲೆಕ್ಕ. ಆ ದಿನ ಬರೆಯದೆ ಬಿಡಬೇಡಿ.

ಕೇರಳದಲ್ಲಿ ಸ್ಟಾಂಪ್ ಡ್ಯೂಟಿ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. 40 ಲಕ್ಷದ ಮನೆಗೆ 4 ಲಕ್ಷ ಅಲ್ಲಿಗೇ ಹೋಯಿತು. ಹೆಚ್ಚಾಗಿ ಕೊಳ್ಳುವವರೇ ಕೊಡುತ್ತಾರೆ. ಸರಕಾರ ನಿಗದಿ ಮಾಡಿದ ಫೇರ್ ವ್ಯಾಲ್ಯೂ ಅಥವಾ ನಿಜವಾದ ಬೆಲೆ, ಯಾವುದು ಜಾಸ್ತಿಯೋ ಅದರ ಮೇಲೆ. ಹೊರೆ ಹೆಚ್ಚು ಎಂದು ಬೆಲೆ ಕಡಿಮೆ ಬರೆಯುವ, ಮನೆಯನ್ನು ಬಿಟ್ಟು ಜಾಗ ಮಾತ್ರ ಬರೆಯುವ ಅಭ್ಯಾಸ ಊರಲ್ಲಿದೆ. ದಯವಿಟ್ಟು ಮಾಡಬೇಡಿ. ಆಧಾರದಲ್ಲಿ ಮನೆ ಇಲ್ಲದಿದ್ದರೆ ಮುಂದೆ ಸಾಲಕ್ಕೆ ಹೋದಾಗ ತೊಡಕು. ಕಡಿಮೆ ಬೆಲೆ ಬರೆಸಿದವರು ನಾಳೆ ಮಾರುವಾಗ ಅಷ್ಟೇ ಖರ್ಚು ತೋರಿಸಬಹುದು, ಉಳಿದದ್ದೆಲ್ಲ ಲಾಭದ ಲೆಕ್ಕಕ್ಕೆ ಹೋಗಿ ತೆರಿಗೆ ಬೀಳುತ್ತದೆ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ಕಿನಲ್ಲೋ ಬ್ಯಾಂಕಿನಿಂದಲೋ ಕೊಡಿ, ಆ ವಿವರ ಆಧಾರದಲ್ಲಿ ಬರಲಿ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇಕಡಾ 1 ತೆರಿಗೆ ಹಿಡಿದು ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಬೆಲೆ ಎಷ್ಟೇ ಇರಲಿ ಹಿಡಿಯಬೇಕು, ದರವೂ ಬಹಳ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುವಾಗ ಇದು ದಿನಾ ಬರುವ ವಿಷಯ. ಅವರು ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಸರ್ಟಿಫಿಕೆಟ್ ತೆಗೆದುಕೊಂಡರೆ ಇಬ್ಬರಿಗೂ ಹಗುರ. ಗಲ್ಫಿನಿಂದ ಪವರ್ ಆಫ್ ಅಟಾರ್ನಿ ಕಳಿಸಿದರೆ ಅದು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಆಗಿರಲಿ, ಮಾರುವ ಅಧಿಕಾರ ಸ್ಪಷ್ಟವಾಗಿ ಬರೆದಿರಲಿ. ಕೊಟ್ಟವರು ಬದುಕಿರುವವರೆಗೆ ಮಾತ್ರ ಅದಕ್ಕೆ ಜೀವ. ನೋಂದಣಿ ದಿನ ಅವರಿಗೆ ವಿಡಿಯೋ ಕಾಲ್ ಮಾಡಿ ಮಾತಾಡಿಸಿ. "ದುಬೈಯಲ್ಲಿರುವ ಭಾವ ನಮ್ಮ ಮನೆ, ತೋಟ ಎರಡೂ ತೆಗೆದುಕೊಳ್ಳಬಹುದಾ?" ಮನೆ ಕೊಳ್ಳಬಹುದು. ಕೃಷಿಭೂಮಿ, ತೋಟ ಅನಿವಾಸಿಗಳು ಕೊಳ್ಳುವ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು.

ಮಾರಿದವರ ಲಾಭಕ್ಕೆ ತೆರಿಗೆ ಇದೆ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಗೆ ಶೇಕಡಾ 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ ಇಲ್ಲಿ ವಾಸವಿರುವವರು ಬೆಲೆಯೇರಿಕೆ ಕಳೆದು ಶೇಕಡಾ 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ಆ ಮಟ್ಟಿಗೆ ವಿನಾಯಿತಿ. ಅಜ್ಜನ ಕಾಲದ ಮನೆಗೆ ಖರೀದಿ ಬೆಲೆ ಎಲ್ಲಿಂದ ತರುವುದು ಎಂದು ಕೇಳುತ್ತಾರೆ. 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳಬಹುದು. ಅದಕ್ಕೊಂದು ವ್ಯಾಲ್ಯುವರ್ ವರದಿ ಇಟ್ಟುಕೊಳ್ಳಿ.

ಸಹಿ ಹಾಕುವ ಮೊದಲಿನ ಮಾತು ಒಂದಿದೆ. ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಎನ್ನುವ ಹಿರಿಯರು ನಮ್ಮಲ್ಲಿ ಬಹಳ. ಅವರು ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ, ಆಧಾರ ಬರೆಯುವವರು ಬೆರಳಿಟ್ಟು ತೋರಿಸಿದ ಕಡೆ ಕನ್ನಡದಲ್ಲಿ ಸಹಿ ಹಾಕುತ್ತಾ ಹೋಗುತ್ತಾರೆ. ಹೀಗೆ ಮಾಡಬೇಕಾದ ಅಗತ್ಯವೇ ಇಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಷೆಯ ಪತ್ರವನ್ನು ಭಾಷೆಯ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಕಾಸರಗೋಡಿನಲ್ಲಿ ಕನ್ನಡ ಬಳಕೆಯ ಭಾಷೆಯೇ. ಕೇರಳದ ಅಧಿಕೃತ ಭಾಷೆಯ ಕಾನೂನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗೆ ಕೊಟ್ಟಿದೆ. ಆಧಾರ ಮಲಯಾಳದಲ್ಲೇ ಆಗಲಿ ಎಂದು ಇಬ್ಬರೂ ಒಪ್ಪಿದರೂ, ಕರಡನ್ನು ಎರಡು ದಿನ ಮೊದಲೇ ಮನೆಗೆ ತನ್ನಿ. ನಂಬಿಕೆಯವರಿಂದ ಸಾಲು ಸಾಲು ಕನ್ನಡದಲ್ಲಿ ಬರೆಸಿ. ಕೊನೆಗೆ "ಕನ್ನಡದಲ್ಲಿ ಓದಿ ಹೇಳಿದ್ದನ್ನು ಕೇಳಿ ತಿಳಿದು ಸಹಿ ಮಾಡಿದ್ದೇನೆ" ಎಂಬ ಸಾಲು ಸೇರಿಸಿ. ಅವಸರ ಮಾಡಿದರೆ ಎದ್ದು ಬನ್ನಿ. ಸಹಿ ಹಾಕಿದ ಪತ್ರವನ್ನು ನೋಂದಣಿಗೆ ಕೊಡಲು ನಾಲ್ಕು ತಿಂಗಳ ಸಮಯ ಇದೆ, ಆಕಾಶ ಬೀಳುವುದಿಲ್ಲ.

ಆಧಾರದಲ್ಲಿರುವ ಆಸ್ತಿಯ ಪಟ್ಟಿಯಲ್ಲಿ ಮುಖ್ಯವಾಗಿ ಸರ್ವೆ ನಂಬ್ರ, ವಿಸ್ತೀರ್ಣ, ನಾಲ್ಕು ಗಡಿ ಓದಿ. ಹಳೇ ಆಧಾರ ಸೆಂಟಿನಲ್ಲಿ, ಹೊಸದು ಹೆಕ್ಟೇರಿನಲ್ಲಿ. 12 ಸೆಂಟು ಎಂದರೆ 0.0486 ಹೆಕ್ಟೇರ್. ಒಂದು ಸೊನ್ನೆ ಹೆಚ್ಚು ಬಿದ್ದ ಆಧಾರ ನಮ್ಮ ಕಚೇರಿಗೆ ಬಂದಿತ್ತು. ತಿದ್ದುಪಡಿ ಪತ್ರಕ್ಕೆ ಮಾರಿದವರೇ ಮತ್ತೆ ಬಂದು ಸಹಿ ಹಾಕಬೇಕು, ಅಷ್ಟರಲ್ಲಿ ಅವರು ಊರಲ್ಲಿ ಇರಲಿಲ್ಲ.

ನೋಂದಣಿ ಆದ ಮೇಲೆ ಗ್ರಾಮ ಕಚೇರಿಯಲ್ಲಿ ಹೆಸರು ಬದಲಾವಣೆ, ಇಲ್ಲಿನವರ ಬಾಯಲ್ಲಿ ಪೋಕ್ಕುವರವು, ಆಗಬೇಕು. ನಿಮ್ಮ ಹೆಸರಲ್ಲಿ ಭೂತೆರಿಗೆ ಕಟ್ಟಿದ ರಸೀದಿ ಕೈಗೆ ಬರುವವರೆಗೆ ಬಿಡಬೇಡಿ. ಪಂಚಾಯತಿನಲ್ಲೂ ಕರೆಂಟಿನ ಕಚೇರಿಯಲ್ಲೂ ಹೆಸರು ಬದಲಿಸಿ. ಈಗ ಗ್ರಾಮ ಗ್ರಾಮಗಳಲ್ಲಿ ಡಿಜಿಟಲ್ ಸರ್ವೆ ನಡೆಯುತ್ತಿದೆ. ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಸೇರಿಸಿದ ಎಂಡೆ ಭೂಮಿ ಪೋರ್ಟಲ್ 2024ರಲ್ಲಿ ಮೊದಲು ಬಂದದ್ದೇ ನಮ್ಮ ಜಿಲ್ಲೆಯ ಉಜಾರು ಉಳುವಾರು ಗ್ರಾಮಕ್ಕೆ. ನಿಮ್ಮ ಗ್ರಾಮದಲ್ಲಿ ಸರ್ವೆಯ ಕರಡು ನೋಡಲು ಕರೆದಾಗ ಹೋಗಿ, ಗಡಿಯೂ ದಾರಿಯೂ ಆಧಾರದಲ್ಲಿ ಇದ್ದಂತೆಯೇ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಆಕ್ಷೇಪವನ್ನು ಅಲ್ಲೇ ಬರಹದಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆದರೂ ಆಗುತ್ತದೆ.